‘ಕೆಂಪುಕೋಟೆ ಇವತ್ತು ಬಂದ್’ ಅಂದರೆ ನಂಬಬೇಡಿ

ದೆಹಲಿಯಲ್ಲಿ ಆಟೋದವನು ತಾನಾಗೇ ಕಡಿಮೆ ರೇಟು ಹೇಳಿದರೆ ಅಲ್ಲೇ ಅನುಮಾನಪಡಿ. ನಮಗಾದದ್ದನ್ನು ಹೇಳುತ್ತೇನೆ.

ಸಂಬಂಧಿಕರ ಮದುವೆ ಮುಗಿಸಿ, ನಾನೂ ನಮ್ಮ ಯಜಮಾನರೂ ಊರು ನೋಡೋಣ ಅಂತ ಒಂದು ದಿನ ಉಳಿದುಕೊಂಡೆವು. ಪಹಾಡ್‌ಗಂಜ್‌ನ ಲಾಡ್ಜಿನಿಂದ ಹೊರಗೆ ಬಂದಿದ್ದೇ ತಡ, ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡ ಒಬ್ಬ ಹತ್ತಿರ ಬಂದ. “ಲಾಲ್ ಕಿಲಾ? ಇವತ್ತು ಬಂದ್. ವಿಐಪಿ ಬರ್ತಿದ್ದಾರೆ, ಮಧ್ಯಾಹ್ನದ ಮೇಲೆ ಬಿಡ್ತಾರೆ” ಅಂದ. ಪಕ್ಕದಲ್ಲಿದ್ದ ಆಟೋದವನೂ ಹೌದೌದು ಅಂದ. ಅಲ್ಲಿವರೆಗೆ ಊರು ತೋರಿಸುತ್ತೇನೆ, ನೂರು ರೂಪಾಯಿ ಸಾಕು ಅಂತ ಅವನೇ ಹೇಳಿದ.

ಅವತ್ತು ಗುರುವಾರ. ಕೆಂಪುಕೋಟೆಗೆ ವಾರದ ರಜೆ ಸೋಮವಾರ. ಆಗಸ್ಟ್ 15ರ ಮುಂಚೆ ಕೆಲವು ದಿನ ನಿಜವಾಗಿಯೂ ಮುಚ್ಚುತ್ತಾರೆ. ಹೀಗೆ ಆಗಾಗ ಮುಚ್ಚುವ ಜಾಗ ಅನ್ನೋದೇ ಇವರಿಗೆ ಅನುಕೂಲ. ಯಾವತ್ತು ಅಂತ ಹೊರಗಿನವರಿಗೆ ಎಲ್ಲಿ ಗೊತ್ತಿರುತ್ತೆ?

ಆಟೋ ನಿಂತಿದ್ದು ‘ಸರ್ಕಾರಿ ಎಂಪೋರಿಯಂ’ ಅಂತ ಬೋರ್ಡಿದ್ದ ಅಂಗಡಿ ಮುಂದೆ. ಒಳಗೆ ಹೋದ ತಕ್ಷಣ ಚಹಾ ಬಂತು. ಇಬ್ಬರು ಹುಡುಗರು ಶಾಲು ಬಿಡಿಸಿ ಬಿಡಿಸಿ ಮಂಡಿ ಎತ್ತರ ರಾಶಿ ಹಾಕಿದರು. ಅಷ್ಟು ಬಿಡಿಸಿದ ಮೇಲೆ ಸುಮ್ನೆ ಎದ್ದು ಬರೋದು ಹೇಗೆ ಅಂತ ನಮ್ಮಂಥವರಿಗೆ ಸಂಕೋಚ ಬೇರೆ. ಮಾಲೀಕ ನನ್ನ ಉಂಗುರ ಬಿಚ್ಚಿಸಿಕೊಂಡು, ಶಾಲನ್ನು ಅದರೊಳಗಿಂದ ಸರ್ರಂತ ಎಳೆದು ತೋರಿಸಿದ. “ನೋಡಿ ಬೆಹೆನ್‌ಜೀ, ಅಸಲಿ ಪಶ್ಮಿನಾ.” ಅಂದರೆ ಕಾಶ್ಮೀರದ ನವಿರಾದ ಉಣ್ಣೆ. ಆರೂವರೆ ಸಾವಿರ ಹೇಳಿದವನು, ನಾವು ಎದ್ದಾಗ ನಾಲ್ಕು ಸಾವಿರ ಅಂದ, ಬಾಗಿಲ ಹತ್ತಿರ ಮೂರಕ್ಕೆ ಇಳಿದ. ಕೊನೆಗೆ ತಗೊಂಡೆವು. ಊರಿಗೆ ಬಂದು ಪರಿಚಯದ ಜವಳಿ ಅಂಗಡಿಯವರಿಗೆ ತೋರಿಸಿದರೆ, ಒಂದು ಎಳೆ ಕಿತ್ತು ಕಡ್ಡಿ ಗೀರಿದರು. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಪ್ಲಾಸ್ಟಿಕ್ಕಿನ ಹಾಗೆ ಕರಗಿ ಗಂಟಾಯಿತು. ಯಾವ ತೆಳು ಬಟ್ಟೆಯಾದರೂ ಉಂಗುರದೊಳಗೆ ತೂರುತ್ತೆ ಅಂತ ನಕ್ಕರು.

ಅಷ್ಟಕ್ಕೇ ಮುಗಿಯಲಿಲ್ಲ. ಆಮೇಲೆ ಜಮಖಾನೆ ಅಂಗಡಿ, ಹರಳಿನ ಅಂಗಡಿ. ಇನ್ನು ಸಾಕು ಅಂತ ನಮ್ಮವರು ರೇಗಿದಾಗ ಆಟೋದವನು ಕೈಮುಗಿದ. “ಏನೂ ಕೊಳ್ಳಬೇಡಿ ಸಾಬ್, ಹತ್ತು ನಿಮಿಷ ಒಳಗಿದ್ದು ಬನ್ನಿ. ನನಗೆ ಗ್ಯಾಸ್ ಕೂಪನ್ ಸಿಗುತ್ತೆ.” ಗಿರಾಕಿಗಳನ್ನು ಕರೆತಂದದ್ದಕ್ಕೆ ಅಂಗಡಿಯವರು ಆಟೋಗೆ ಗ್ಯಾಸ್ ತುಂಬಿಸೋ ಕೂಪನ್ ಕೊಡ್ತಾರಂತೆ. ನೂರು ರೂಪಾಯಿಯ ಗುಟ್ಟು ಇದು! ಸಂಜೆ ಹೊತ್ತಿಗೆ ಕೋಟೆ ತಲುಪಿದರೆ, ಬೆಳಿಗ್ಗೆಯಿಂದ ತೆಗೆದೇ ಇದೆ ಅಂದರು ಗೇಟಿನವರು. ಆಗಲೇ ಕತ್ತಲಾಗುತ್ತಿತ್ತು. ಚಾಂದನಿ ಚೌಕದ ಪರಾಠವೂ ಇಲ್ಲ, ಇಂಡಿಯಾ ಗೇಟೂ ಇಲ್ಲ.

ನ್ಯೂ ಡೆಲ್ಲಿ ಮೆಟ್ರೋ ಸ್ಟೇಷನ್‌ನಿಂದ ಹಳದಿ ಲೈನಿನಲ್ಲಿ ಚಾವಡಿ ಬಜಾರ್ ದಾಟಿದರೆ ಚಾಂದನಿ ಚೌಕವೇ. ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ನೇರಳೆ ಲೈನಿನಲ್ಲಿ ಲಾಲ್ ಕಿಲಾ ಅಂತಲೇ ಸ್ಟೇಷನ್ ಇದೆ. ಮುಚ್ಚಿದೆ ಅಂತ ಯಾರೇ ಹೇಳಲಿ, ಟಿಕೆಟ್ ಕೌಂಟರ್‌ವರೆಗೆ ಹೋಗಿಯೇ ನೋಡಿ. ನಿಜವಾದ ಸರ್ಕಾರಿ ಮಳಿಗೆಗಳು ಕನಾಟ್ ಪ್ಲೇಸ್ ಪಕ್ಕದ ಬಾಬಾ ಖಡಕ್ ಸಿಂಗ್ ಮಾರ್ಗದಲ್ಲಿ ಸಾಲಾಗಿವೆ, ನಮ್ಮ ಕರ್ನಾಟಕದ ಕಾವೇರಿ ಎಂಪೋರಿಯಮ್ಮೂ ಅಲ್ಲಿದೆ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದೆಯಾ ನೋಡಿಯೇ ದುಡ್ಡು ಕೊಡಿ, ನಮ್ಮದರಲ್ಲಿ ಬರೀ ರಬ್ಬರ್ ಸ್ಟಾಂಪಿತ್ತು. ಮೋಸ ಹೋದರೆ ಗ್ರಾಹಕರ ಸಹಾಯವಾಣಿ 1915. ಪ್ರವಾಸಿಗರಿಗೆ 1363 ಇದೆ, ಹಗಲು ರಾತ್ರಿ ಸಿಗುತ್ತೆ. ಅದರಲ್ಲಿ ಜಪಾನಿ, ಕೊರಿಯನ್ ಎಲ್ಲ ಇದೆ, ಕನ್ನಡ ಮಾತ್ರ ಇಲ್ಲ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಬೇಕು.