5 ಎಚ್‌ಪಿ ಸೋಲಾರ್ ಪಂಪ್‌ಸೆಟ್: ವಾರಂಟಿ ಮುಗಿಯುವ ಹೊತ್ತಿಗೆ ನಾನು ಕಂಡದ್ದು

ಸೋಲಾರ್ ಪಂಪ್ ಹಾಕಿಸಲು ಹೊರಟವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಪ್ಯಾನೆಲ್ ಎಷ್ಟು ವ್ಯಾಟ್? ಸಬ್ಸಿಡಿ ಎಷ್ಟು? ಪ್ಯಾನೆಲ್ ಕೆಳಗೆ ಕಂಬಕ್ಕೆ ಬಿಗಿದಿರುವ ಪೆಟ್ಟಿಗೆ, ಅಂದರೆ ಕಂಟ್ರೋಲರ್ ಬಗ್ಗೆ ಕೇಳುವವರು ಕಡಿಮೆ. ನಮ್ಮ ತೋಟದ ಪಂಪ್‌ಸೆಟ್‌ಗೆ ಐದು ವರ್ಷದ ವಾರಂಟಿ ಮುಗಿಯುತ್ತಾ ಬಂದಿದೆ. ಇಷ್ಟು ಕಾಲ ಬಳಸಿದ ಮೇಲೆ ನನಗೆ ಖಾತ್ರಿಯಾಗಿರುವುದು ಒಂದೇ. ತೊಟ್ಟಿಗೆ ಎಷ್ಟು ನೀರು ಬೀಳುತ್ತದೆ ಎಂಬುದು ಪ್ಯಾನೆಲ್‌ಗಿಂತ ಜಾಸ್ತಿ ಆ ಪೆಟ್ಟಿಗೆಯ ಕೈಯಲ್ಲಿದೆ.

ನಮ್ಮದು ತುಮಕೂರು ಜಿಲ್ಲೆಯ ಗುಬ್ಬಿ ಕಡೆ. ಎರಡು ಎಕರೆ ಅಡಿಕೆ, ಬದುವಿನ ಮೇಲೆ ತೆಂಗು. 4,800 ವ್ಯಾಟ್ ಪ್ಯಾನೆಲ್, 5 ಎಚ್‌ಪಿಯ ತ್ರೀ ಫೇಸ್ ಸಬ್‌ಮರ್ಸಿಬಲ್ ಮೋಟಾರ್, ಎಂಪಿಪಿಟಿ (ಪ್ಯಾನೆಲ್‌ನಿಂದ ಆಗ ಸಿಗುವ ಗರಿಷ್ಠ ಪವರ್ ಎಳೆಯುವ ವ್ಯವಸ್ಥೆ) ಇರುವ ಕಂಟ್ರೋಲರ್, ಹೊಲದ ಮೇಲ್ತುದಿಯಲ್ಲಿ 50,000 ಲೀಟರ್ ತೊಟ್ಟಿ. ಬ್ಯಾಟರಿ ಇಲ್ಲ. ಅದು ಯಾಕೆ ಬೇಡ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಕಂಟ್ರೋಲರ್. ಕರೆಂಟ್ ಲೈನಿನಲ್ಲಿ ಬರುವುದು 50 ಹರ್ಟ್ಸ್, ಅಂದರೆ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಗುತ್ತದೆ; ಮೋಟಾರಿನ ವೇಗ ಈ ಅಂಕಿಯ ಮೇಲೆ ನಿಂತಿದೆ. ಸ್ಟಾರ್ಟರ್ ಒತ್ತಿದರೆ ಮೋಟಾರ್ ಒಂದೇ ಏಟಿಗೆ ಪೂರ್ತಿ ವೇಗಕ್ಕೆ ಹೋಗುತ್ತದೆ, ಆ ಕ್ಷಣ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಸೋಲಾರ್‌ನಲ್ಲಿ ಹಾಗೆ ಆಗುವಂತಿಲ್ಲ. ಪ್ಯಾನೆಲ್ ಅಷ್ಟು ಕರೆಂಟ್ ಕೊಡುವುದೇ ಇಲ್ಲ. ಹಾಗಾಗಿ ಕಂಟ್ರೋಲರ್ ಪ್ಯಾನೆಲ್‌ನ ಡಿಸಿಯನ್ನು (ಒಂದೇ ದಿಕ್ಕಿನ ಕರೆಂಟ್) ಕತ್ತರಿಸಿ ಜೋಡಿಸಿ ತ್ರೀ ಫೇಸ್ ಎಸಿ (ದಿಕ್ಕು ಬದಲಿಸುವ ಕರೆಂಟ್) ಮಾಡುತ್ತದೆ. ಹರ್ಟ್ಸನ್ನೂ ವೋಲ್ಟೇಜನ್ನೂ ಒಂದೇ ಅನುಪಾತದಲ್ಲಿ ನಿಧಾನಕ್ಕೆ ಏರಿಸುತ್ತದೆ. ಬಿಸಿಲು ಎಷ್ಟಿದೆಯೋ ಅಷ್ಟೇ ವೇಗ. ಮೋಟಾರಿಗೂ ಪೈಪಿಗೂ ಕೇಬಲ್‌ಗೂ ಜರ್ಕ್ ಇಲ್ಲ. ಹಳೆಯ ಐಪಿ ಸೆಟ್ (ಕರೆಂಟ್ ಲೈನಿನ ನೀರಾವರಿ ಪಂಪ್) ಇದ್ದಾಗ ವೋಲ್ಟೇಜ್ ಬಿದ್ದು ಮೋಟಾರ್ ಸುಟ್ಟು, ಬೋರಿನಿಂದ ಪಂಪ್ ಎತ್ತಿಸುವುದು ನಮ್ಮ ಕಡೆ ಪ್ರತಿ ಮನೆಯ ಕಥೆ. ಈ ಪಂಪ್ ಇಳಿಸಿದ ಮೇಲೆ ಒಮ್ಮೆಯೂ ಮೇಲೆತ್ತಿಲ್ಲ.

ಇಲ್ಲಿ ಒಂದು ಲೆಕ್ಕ ತಿಳಿದಿದ್ದರೆ ತುಂಬಾ ಅನುಕೂಲ. ಪಂಪಿನ ವೇಗ ಕಡಿಮೆಯಾದಂತೆ ಅದು ನೀರನ್ನು ಎತ್ತಬಲ್ಲ ಎತ್ತರ ವೇಗದ ವರ್ಗದಂತೆ ಇಳಿಯುತ್ತದೆ, ಅದಕ್ಕೆ ಬೇಕಾದ ಪವರ್ ವೇಗದ ಘನದಂತೆ ಇಳಿಯುತ್ತದೆ. 50 ಹರ್ಟ್ಸ್‌ನಲ್ಲಿ 400 ಅಡಿವರೆಗೆ ಒತ್ತಬಲ್ಲ ಪಂಪ್ 35 ಹರ್ಟ್ಸ್‌ನಲ್ಲಿ 200 ಅಡಿಗೆ ಸುಸ್ತಾಗುತ್ತದೆ. ನಮ್ಮ ಬೋರಿನಲ್ಲಿ ನೀರು 200 ಅಡಿ ಆಸುಪಾಸಿನಲ್ಲಿದೆ. ಆದ್ದರಿಂದ ಬೆಳಿಗ್ಗೆ ಡಿಸ್‌ಪ್ಲೇಯಲ್ಲಿ 32, 33 ಅಂತ ತೋರಿಸುತ್ತಿದ್ದರೂ ತೊಟ್ಟಿಗೆ ಹನಿ ಬೀಳುವುದಿಲ್ಲ. ಮೋಟಾರ್ ತಿರುಗುತ್ತಿದೆ, ನೀರು ಪೈಪಿನೊಳಗೇ ನಿಂತಿದೆ, ಅಷ್ಟೆ. 35 ದಾಟಿದ ಮೇಲೆ ಸಣ್ಣದಾಗಿ ಶುರುವಾಗಿ, 40ಕ್ಕೆ ಬಂದಾಗ ಧಾರೆ ಸರಿಹೋಗುತ್ತದೆ. ಪಂಪ್ ಕೆಟ್ಟಿದೆ ಎಂದು ಹೊಸಬರು ಗಾಬರಿಯಾಗುವುದು ಇಲ್ಲೇ.

ಬೇಸಿಗೆಯಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಬೋರಿನ ನೀರು 250 ಅಡಿಗೆ ಇಳಿದರೆ ಅದೇ ಪಂಪಿಗೆ ಹೆಚ್ಚುಕಡಿಮೆ 40 ಹರ್ಟ್ಸ್ ಆದ ಮೇಲಷ್ಟೇ ನೀರು ಬರುವುದು. ಅಂದರೆ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಹೊತ್ತು ಕೈಬಿಟ್ಟುಹೋಗುತ್ತದೆ. ಗಿಡಕ್ಕೆ ನೀರು ಹೆಚ್ಚು ಬೇಕಾದ ತಿಂಗಳಲ್ಲೇ ಪಂಪ್ ಓಡುವ ಹೊತ್ತು ಕಡಿಮೆ. ಪಂಪ್ ಆರಿಸುವಾಗ ಇವತ್ತಿನ ನೀರಿನ ಮಟ್ಟ ನೋಡಬೇಡಿ. ಏಪ್ರಿಲ್ ಕೊನೆಯಲ್ಲಿ ಎಷ್ಟು ಆಳಕ್ಕೆ ಹೋಗುತ್ತದೋ ಅದನ್ನು ಹೇಳಿ ಪಂಪಿನ ಸ್ಟೇಜ್ (ನೀರೆತ್ತುವ ಚಕ್ರಗಳ ಸಂಖ್ಯೆ) ನಿಗದಿ ಮಾಡಿಸಿ.

ಬಿಸಿಲು ಜಾಸ್ತಿ ಇದ್ದರೆ ಕರೆಂಟ್ ಜಾಸ್ತಿ ಎಂಬುದೂ ಪೂರ್ತಿ ನಿಜವಲ್ಲ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ ಒಳಗೆ 60 ಡಿಗ್ರಿ ಮುಟ್ಟುತ್ತದೆ. ಸಿಲಿಕಾನ್ ಪ್ಯಾನೆಲ್ ಒಂದೊಂದು ಡಿಗ್ರಿಗೆ 0.35ರಿಂದ 0.4 ಶೇಕಡಾ ಪವರ್ ಕಳೆದುಕೊಳ್ಳುತ್ತದೆ. ಒಟ್ಟು ಶೇ 13ರಷ್ಟು ಹೋಯಿತು. ಆದರೆ ಘನದ ಲೆಕ್ಕ ಇಲ್ಲಿ ನಮ್ಮ ಪರ. ಪವರ್ ಶೇ 13 ಬಿದ್ದರೆ ವೇಗ ಶೇ 5 ಕೂಡ ಬೀಳುವುದಿಲ್ಲ. ಜನವರಿ ಮಧ್ಯಾಹ್ನ ತಣ್ಣನೆ ಗಾಳಿ ಇರುವಾಗ 50 ಹತ್ತಿರ ನಿಲ್ಲುವ ಅಂಕಿ ಏಪ್ರಿಲ್‌ನಲ್ಲಿ 47, 48ರಲ್ಲಿ ಇರುತ್ತದೆ. ಇದು ನನಗೆ ನಿಜಕ್ಕೂ ಇಷ್ಟವಾದ ಸಂಗತಿ.

ಈಗ ತೊಂದರೆ. ಮೊದಲ ಮಳೆಗಾಲದಲ್ಲಿ ಮೋಡ ಬಂದು ಹೋಗುವ ದಿನ ಪಂಪ್ ಪದೇಪದೇ ಆಫ್ ಆಗುತ್ತಿತ್ತು. ಡಿಸ್‌ಪ್ಲೇಯಲ್ಲಿ ಅಂಡರ್ ವೋಲ್ಟೇಜ್ ಅಂತ ಬರುತ್ತಿತ್ತು. ಮೋಡ ಸೂರ್ಯನನ್ನು ಮುಚ್ಚಿದಾಗ ಪವರ್ ಸೆಕೆಂಡುಗಳಲ್ಲಿ ಅರ್ಧಕ್ಕೆ ಬೀಳುತ್ತದೆ. ಕಂಟ್ರೋಲರ್ ಅಷ್ಟೇ ಚುರುಕಾಗಿ ಹರ್ಟ್ಸ್ ಇಳಿಸಬೇಕು. ಇಳಿಸದಿದ್ದರೆ ಪ್ಯಾನೆಲ್ ವೋಲ್ಟೇಜ್ ಕುಸಿದು ಎಲ್ಲ ನಿಲ್ಲುತ್ತದೆ. ಆಮೇಲೆ ಕಾದು ಮತ್ತೆ ಮೊದಲಿಂದ ಶುರು. ಕಂಪನಿಯವರಿಗೆ ಫೋನ್ ಮಾಡಿದರೆ ‘ಮೋಡ ಇದ್ದರೆ ಹಾಗೇ ಸಾರ್’ ಎಂಬ ಉತ್ತರ. ಹಾಗೇ ಅಲ್ಲ. ತಿಂಗಳುಗಟ್ಟಲೆ ಬೆನ್ನುಬಿದ್ದ ಮೇಲೆ ಗೊತ್ತಿದ್ದ ಒಬ್ಬ ಟೆಕ್ನಿಷಿಯನ್ ಬಂದರು. ವೇಗ ಇಳಿಸುವ ಸಮಯದ ಸೆಟ್ಟಿಂಗ್ ಬದಲಿಸಿದರು, ಅರ್ಧ ಗಂಟೆಯ ಕೆಲಸ. ಅಂದಿನಿಂದ ಮೋಡ ಬಂದರೆ ಪಂಪ್ ನಿಧಾನವಾಗುತ್ತದೆ, ಹೋದರೆ ಮತ್ತೆ ಏರುತ್ತದೆ. ಅಷ್ಟು ಸಣ್ಣ ಕೆಲಸಕ್ಕೆ ಒಂದು ಮಳೆಗಾಲ ಪೂರ್ತಿ ಕಾಯಿಸಿದ್ದು ನನಗೆ ಇನ್ನೂ ಸಿಟ್ಟು ತರಿಸುತ್ತದೆ. ಈ ಮೋಟಾರ್ ಡ್ರೈವ್‌ಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ (ಐಐಎಸ್‌ಸಿ) ಕಡೆ ದಶಕಗಳಿಂದ ಸಂಶೋಧನೆ ನಡೆದಿದೆ. ವಿದ್ಯೆ ಇದೆ, ಅದು ತೋಟದವರೆಗೆ ಬರುವುದು ಸರ್ವಿಸ್ ಮಾಡುವ ಹುಡುಗನಿಗೆ ಸರಿಯಾಗಿ ಕಲಿಸಿದಾಗ ಮಾತ್ರ.

ಇನ್ನು ಬ್ಯಾಟರಿ. ರಾತ್ರಿಯೂ ಪಂಪ್ ಓಡಿಸಬಹುದು, ಬ್ಯಾಟರಿ ಹಾಕಿಸಿ ಅಂತ ಹೇಳುವವರು ಈಗಲೂ ಬರುತ್ತಾರೆ. 50,000 ಲೀಟರ್ ನೀರನ್ನು 200 ಅಡಿಯಿಂದ ಎತ್ತಲು ಲೆಕ್ಕದ ಪ್ರಕಾರ 8 ಯೂನಿಟ್ ಸಾಕು. ಪಂಪ್, ಮೋಟಾರ್ ಸೇರಿ ಶೇ 45ರಷ್ಟು ದಕ್ಷತೆ ಎಂದುಕೊಂಡರೆ ಸುಮಾರು 18 ಯೂನಿಟ್ ಕರೆಂಟ್ ಬೇಕು. ಅಂದರೆ ತುಂಬಿದ ನಮ್ಮ ತೊಟ್ಟಿ 18 ಯೂನಿಟ್‌ನ ಬ್ಯಾಟರಿ ಮಾಡುವ ಕೆಲಸವನ್ನೇ ಮಾಡಿ ಇಟ್ಟಿದೆ. ಅಷ್ಟು ದೊಡ್ಡ ಲಿಥಿಯಂ ಬ್ಯಾಟರಿಗೆ ಲಕ್ಷಗಟ್ಟಲೆ ಬೇಕು, ಕೆಲವು ವರ್ಷಕ್ಕೆ ಅದರ ಶಕ್ತಿಯೂ ಕುಂದುತ್ತದೆ. ಮನೆಗೆ ದೀಪ ಬೇಕಾದವರಿಗೆ ಬ್ಯಾಟರಿ ಸರಿ. ನೀರೇ ಬೇಕಾದವರು ನೀರನ್ನೇ ಕೂಡಿಡಬೇಕು.

ತೊಟ್ಟಿಯಿಂದ ಇನ್ನೊಂದು ಲಾಭ ಇದೆ. ಪಂಪಿನಿಂದ ನೇರ ಡ್ರಿಪ್‌ಗೆ ಕೊಟ್ಟರೆ ಬಿಸಿಲಿನ ಜೊತೆ ಒತ್ತಡ ಏರಿಳಿದು, ಸಾಲಿನ ಕೊನೆಯ ಗಿಡಕ್ಕೆ ಒಂದು ದಿನ ಸಿಕ್ಕಷ್ಟು ನೀರು ಮಾರನೇ ದಿನ ಸಿಗುವುದಿಲ್ಲ. ಒಂದು ಅಡಿಕೆ ಗಿಡಕ್ಕೆ ಬೇಸಿಗೆಯಲ್ಲಿ ಡ್ರಿಪ್ ಮೂಲಕ ದಿನಕ್ಕೆ 16ರಿಂದ 20 ಲೀಟರ್ ಕೊಡಬೇಕು ಅನ್ನುತ್ತಾರೆ. ಎಕರೆಗೆ 550 ಗಿಡ ಅಂದರೆ ಎರಡು ಎಕರೆಗೆ ದಿನಕ್ಕೆ ಹೆಚ್ಚೆಂದರೆ 22,000 ಲೀಟರ್. ತೊಟ್ಟಿ ತುಂಬಿದ್ದರೆ ಎರಡು ದಿನ ಮೋಡ ಕವಿದರೂ ಚಿಂತೆ ಇಲ್ಲ. ಕರೆಂಟ್ ಬರುವ ಹೊತ್ತಿಗೆ ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಓಡುವುದೂ ತಪ್ಪಿತು. ಚಿರತೆ ಓಡಾಡುವ ನಮ್ಮ ಕಡೆ ಇದು ಸಣ್ಣ ಮಾತಲ್ಲ.

ಮೋಟಾರ್ ಬಗ್ಗೆ ಎರಡು ಮಾತು. ಮ್ಯಾಗ್ನೆಟ್ ಇರುವ ಬಿಎಲ್‌ಡಿಸಿ ಪಂಪ್‌ಗಳೂ ಸಿಗುತ್ತವೆ. ಅದೇ ಪ್ಯಾನೆಲ್‌ಗೆ ಅವು ಹೆಚ್ಚು ನೀರು ಕೊಡುತ್ತವೆ, ಅನುಮಾನ ಬೇಡ. ಆದರೂ ನಾನು ಮಾಮೂಲಿ ಇಂಡಕ್ಷನ್ ಮೋಟಾರೇ ಇರಲಿ ಎಂದೆ. ಇದಕ್ಕೆ ಹತ್ತಿರದ ಪೇಟೆಯಲ್ಲೇ ವೈಂಡಿಂಗ್ ಮಾಡುವವರಿದ್ದಾರೆ. ಕಂಟ್ರೋಲರ್ ಕೈಕೊಟ್ಟರೆ ಬೇರೆ ಕಂಪನಿಯದೂ ಹೊಂದುತ್ತದೆ. ಬಿಎಲ್‌ಡಿಸಿ ಮೋಟಾರ್ ಸಾಮಾನ್ಯವಾಗಿ ಅದರದೇ ಕಂಟ್ರೋಲರ್ ಕೇಳುತ್ತದೆ.

ಕಂಟ್ರೋಲರ್‌ನ ಡ್ರೈ ರನ್ ರಕ್ಷಣೆ ಚೆನ್ನಾಗಿದೆ. ಬೋರಿನಲ್ಲಿ ನೀರು ಮುಗಿದರೆ ಮೋಟಾರಿನ ಲೋಡ್ ಇಳಿದದ್ದು ನೋಡಿ ತಾನೇ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸುತ್ತದೆ. ಇದರಿಂದ ಮೋಟಾರ್ ಉಳಿಯುತ್ತದೆ, ಅಂತರ್ಜಲ ಉಳಿಯುವುದಿಲ್ಲ. ಬಿಲ್ ಇಲ್ಲ ಎಂದು ತೊಟ್ಟಿ ತುಂಬಿ ಹರಿದರೂ ಪಂಪ್ ಬಿಟ್ಟಿರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ತೊಟ್ಟಿಗೆ, ತುಂಬಿದ ಕೂಡಲೇ ಪಂಪ್ ನಿಲ್ಲಿಸುವ ಒಂದು ಫ್ಲೋಟ್ ಸ್ವಿಚ್ ಹಾಕಿ ಕಂಟ್ರೋಲರ್‌ಗೆ ಜೋಡಿಸಿ, ದಯವಿಟ್ಟು.

ನಿರ್ವಹಣೆ ಜಾಸ್ತಿ ಇಲ್ಲ. ರಾಗಿ ಒಕ್ಕಣೆ ಕಾಲದಲ್ಲಿ ಪ್ಯಾನೆಲ್ ಮೇಲೆ ಧೂಳು ಕೂರುತ್ತದೆ, ಬೆಳಿಗ್ಗೆ ತಂಪಿನಲ್ಲಿ ತೊಳೆಯಬೇಕು. ತೆಂಗಿನ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಸರಣಿಯಲ್ಲಿರುವ ಎಲ್ಲದಕ್ಕೂ ಪೆಟ್ಟು. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪ್ಯಾನೆಲ್‌ಗಳು ಸರಣಿಯಲ್ಲಿ ಸೇರಿ 500 ವೋಲ್ಟ್ ಮೀರಿದ ಡಿಸಿ ಇರುತ್ತದೆ. ಪಂಪ್ ಓಡುವಾಗ ಕನೆಕ್ಟರ್ ಎಳೆದರೆ ಹತ್ತಿಕೊಳ್ಳುವ ಕಿಡಿ ಎಸಿಯಂತೆ ತಾನಾಗಿ ಆರುವುದಿಲ್ಲ. ಮೊದಲು ಪಂಪ್ ನಿಲ್ಲಿಸಿ, ಡಿಸಿ ಸ್ವಿಚ್ ಆಫ್ ಮಾಡಿ, ಆಮೇಲೆ ಮುಂದಿನ ಕೆಲಸ.

ನನ್ನ ದೊಡ್ಡ ಕೊರಗು ಮಳೆಗಾಲದ್ದು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ತೋಟಕ್ಕೆ ನೀರು ಬೇಕಾಗುವುದು ಅಪರೂಪ. 4,800 ವ್ಯಾಟ್ ಸುಮ್ನೆ ಬಿಸಿಲು ಕಾಯುತ್ತದೆ. ಯೂನಿವರ್ಸಲ್ ಸೋಲಾರ್ ಪಂಪ್ ಕಂಟ್ರೋಲರ್ ಎಂಬುದು ಈಗ ಬಂದಿದೆ. ಅದು ಇದ್ದರೆ ಅದೇ ಪ್ಯಾನೆಲ್‌ನಿಂದ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ ಓಡಿಸಬಹುದು. ನಮ್ಮ ಪೆಟ್ಟಿಗೆಯಲ್ಲಿ ಆ ಸೌಕರ್ಯ ಇಲ್ಲ. ಇದಕ್ಕೇ ಒಂದು ಅಂಕ ಕಡಿಮೆ ಮಾಡಿ 5ಕ್ಕೆ 4 ಕೊಡುತ್ತೇನೆ.

ಈಗ ಹಾಕಿಸುವವರಿಗೆ ಹಣದ ಭಾರ ಕಡಿಮೆ. ಸೋಲಾರ್ ಪಂಪ್‌ಗೆ ಸರ್ಕಾರದ ಸಬ್ಸಿಡಿ ಕೊಡುವ ಕುಸುಮ್-ಬಿ ಯೋಜನೆಯಲ್ಲಿ ಕೇಂದ್ರದ್ದು ಶೇ 30, ರಾಜ್ಯದ್ದು ಶೇ 50, ರೈತನ ಪಾಲು ಶೇ 20. ಟ್ರಾನ್ಸ್‌ಫಾರ್ಮರ್‌ನಿಂದ 500 ಮೀಟರ್‌ಗಿಂತ ದೂರ ಇರುವ ಬೋರುಗಳಿಗಂತೂ ಇದೇ ದಾರಿ. ಅರ್ಜಿ ಹಾಕುವಾಗ ಮೂರು ವಿಷಯ ಕೇಳಿ ತಿಳಿದುಕೊಳ್ಳಿ: ಕಂಟ್ರೋಲರ್ ಯೂನಿವರ್ಸಲ್ ಮಾದರಿಯದೇ, ಸೆಟ್ಟಿಂಗ್ ಬದಲಿಸಬಲ್ಲ ಟೆಕ್ನಿಷಿಯನ್ ನಿಮ್ಮ ತಾಲ್ಲೂಕಿನಲ್ಲಿ ಇದ್ದಾರೆಯೇ, ಎಷ್ಟು ಹರ್ಟ್ಸ್‌ಗೆ ನಿಮ್ಮ ಬೋರಿನ ನೀರು ಮೇಲೆ ಬರುತ್ತದೆ. ಮೂರನೆಯದಕ್ಕೆ ಉತ್ತರ ಕೊಡಲು ಬಾರದವರ ಹತ್ತಿರ ಪಂಪ್ ತೆಗೆದುಕೊಳ್ಳಬೇಡಿ.