ಸಿಎಫ್ ಸ್ಟ್ಯಾಂಡರ್ಡ್ ನೇಮ್ಸ್: ಪಟ್ಟಿಗಿಂತ ಅದನ್ನು ನಡೆಸುವ ರೀತಿ ಚೆನ್ನಾಗಿದೆ

ಹವಾಮಾನ, ಸಮುದ್ರದ ಡೇಟಾದಲ್ಲಿ ಯಾವ ಅಳತೆಗೆ ಯಾವ ಹೆಸರು ಅಂತ ಹೇಳುವ ಪಟ್ಟಿಯೇ ಸಿಎಫ್ (ಕ್ಲೈಮೇಟ್ ಅಂಡ್ ಫೋರ್‌ಕಾಸ್ಟ್) ಸ್ಟ್ಯಾಂಡರ್ಡ್ ನೇಮ್ಸ್. ಆ ಡೇಟಾ ಜೊತೆ ಕೆಲಸ ಮಾಡುವವರಿಗೆ ಇದು ಹೊಸದೇನಲ್ಲ. ಇಂಥ ಡೇಟಾ ಇಡುವ ನೆಟ್‌ಸಿಡಿಎಫ್ ಅನ್ನುವ ಬಗೆಯ ಫೈಲ್ ತೆರೆದರೆ ಪ್ರತಿ ವೇರಿಯಬಲ್ (ಮಳೆ, ಒತ್ತಡದಂಥ ಒಂದೊಂದು ಅಳತೆ) ಜೊತೆ ಒಂದು ಉದ್ದನೆಯ ಹೆಸರು ಇರುತ್ತದಲ್ಲ, ಅದು ಬರುವುದು ಈ ಪಟ್ಟಿಯಿಂದ. ಇಂಥ ಫೈಲ್ ಹೇಗಿರಬೇಕು ಅಂತ ಹೇಳುವ ಸಿಎಫ್ ನಿಯಮಾವಳಿಯ 1.0 ಆವೃತ್ತಿ ಬಂದದ್ದು 2003ರಲ್ಲಿ. ಈಗ ಪಟ್ಟಿಯಲ್ಲಿ 4,000ಕ್ಕೂ ಜಾಸ್ತಿ ಹೆಸರುಗಳಿವೆ. ಇಷ್ಟು ದೊಡ್ಡದಾದರೂ ಇದು ಕಲಸುಮೇಲೋಗರ ಆಗಿಲ್ಲ. ಯಾಕೆ ಅಂತ ನೋಡಿದರೆ, ಯಾರಿಗೆ ಯಾವ ಕೆಲಸ ಅನ್ನುವುದನ್ನು ಇವರು ಹಂಚಿಕೊಂಡಿರುವ ರೀತಿಯೇ ಕಾರಣ ಅನ್ನಿಸುತ್ತದೆ.

ಮಳೆಯನ್ನೇ ತೆಗೆದುಕೊಳ್ಳಿ. ಸುಮ್ನೆ ಮಳೆ ಅಂತ ಬರೆದರೆ ಸಾಕಲ್ವಾ? ಸಾಲದು. ಚದರ ಮೀಟರಿಗೆ ಇಷ್ಟು ಕಿಲೋ ನೀರು ಬಿತ್ತು ಅಂದರೆ ಅದು ರೇನ್‌ಫಾಲ್ ಅಮೌಂಟ್. ಸೆಕೆಂಡಿಗೆ ಇಷ್ಟು ಅಂದರೆ ರೇನ್‌ಫಾಲ್ ಫ್ಲಕ್ಸ್. ಬಿದ್ದ ನೀರಿನ ಆಳ ಅಳೆದಿದ್ದರೆ ಥಿಕ್‌ನೆಸ್ ಆಫ್ ರೇನ್‌ಫಾಲ್ ಅಮೌಂಟ್. ಚದರ ಮೀಟರಿಗೆ 1 ಕಿಲೋ ನೀರೆಂದರೆ ಸುಮಾರು 1 ಮಿಲಿಮೀಟರ್ ಆಳ, ಹಾಗಾಗಿ ಸಂಖ್ಯೆ ಎರಡರಲ್ಲೂ ಒಂದೇ ಕಾಣುತ್ತದೆ, ಜನ ಎಡವುವುದು ಅಲ್ಲೇ. ಹಿಮವೂ ಸೇರಿದ್ದರೆ ಹೆಸರು ಮತ್ತೆ ಬೇರೆ.

ಇದನ್ನೆಲ್ಲ ಕೂತು ನೋಡುವುದು ಸ್ಟ್ಯಾಂಡರ್ಡ್ ನೇಮ್ಸ್ ಸೆಕ್ರೆಟರಿ. ಹೊಸ ಹೆಸರನ್ನು ಯಾರು ಬೇಕಾದರೂ ಕೇಳಬಹುದು. ಚರ್ಚೆ ಎಲ್ಲರ ಎದುರಲ್ಲೇ ನಡೆಯುತ್ತದೆ. ಅದು ಹಳೇ ಹೆಸರುಗಳ ಮಾದರಿಗೆ ಕೂರುತ್ತದಾ, ಯೂನಿಟ್ ಸರಿಯಿದೆಯಾ, ವಿವರಣೆ ಓದಿದರೆ ಅರ್ಥ ಆಗುತ್ತದಾ ಅಂತ ಒಂದೊಂದೇ ನೋಡಿ, ಒಪ್ಪಿಗೆ ಆದಮೇಲೆ ಪಟ್ಟಿಗೆ ಸೇರಿಸುತ್ತಾರೆ. ಹೆಸರು ಬದಲಾದರೂ ಹಳೆಯದನ್ನು ಬಿಸಾಡುವುದಿಲ್ಲ. 'ಏರ್ ಪ್ರೆಶರ್ ಅಟ್ ಸೀ ಲೆವೆಲ್' ಈಗ 'ಅಟ್ ಮೀನ್ ಸೀ ಲೆವೆಲ್' ಆಗಿದೆ, ಆದರೆ ಹಳೇ ಹೆಸರು ಏಲಿಯಸ್ (ಅದೇ ಅರ್ಥದ ಪರ್ಯಾಯ ಹೆಸರು) ಆಗಿ ಹಾಗೇ ಇದೆ. ಹಳೇ ಫೈಲ್‌ಗಳು ಕೆಡುವುದಿಲ್ಲ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಬೆಲೆ ಇರುವ ಹುದ್ದೆ ಇದೇ.

ನಿಯಮಾವಳಿಯ ಪಠ್ಯ ಬದಲಿಸಬೇಕಾದರೆ ಮಾತ್ರ ದಾರಿ ಸ್ವಲ್ಪ ಬೇರೆ. ಅಲ್ಲಿ ಮಾಡರೇಟರ್ ಅಂತ ಒಬ್ಬರು ಮುಂದೆ ಬರುತ್ತಾರೆ. ಚರ್ಚೆ ಎಲ್ಲಿಗೆ ಬಂತು ಅಂತ ಆಗಾಗ ಬರೆಯುವುದು, ದಾರಿ ತಪ್ಪಿದರೆ ಎಳೆದು ತರುವುದು ಅವರ ಕೆಲಸ. ಸಾಕಷ್ಟು ಬೆಂಬಲ ಇದ್ದು, ಮಾಡರೇಟರ್ ಸಾರಾಂಶ ಹಾಕಿದ 3 ವಾರದೊಳಗೆ ಯಾರೂ ಆಕ್ಷೇಪ ಎತ್ತದಿದ್ದರೆ ಬದಲಾವಣೆ ಪಾಸು. ಇದರ ಮೇಲೆ ಕನ್ವೆನ್ಷನ್ಸ್ ಕಮಿಟಿ ಇದೆ, ಅದಕ್ಕೂ ಮೇಲೆ ಗವರ್ನೆನ್ಸ್ ಪ್ಯಾನೆಲ್ ಇದೆ. ಪ್ಯಾನೆಲ್‌ನವರು ದಿನದಿನದ ಹೆಸರಿನ ಜಗಳಕ್ಕೆ ಬರುವುದಿಲ್ಲ, ಅದು ಒಳ್ಳೆಯದೇ.

ಕೊರತೆ ಇಲ್ಲ ಅಂತಲ್ಲ. ಮಾಡರೇಟರ್ ಆಗುವವರು ಸ್ವಯಂಸೇವಕರು. ಯಾರೂ ಬರದಿದ್ದರೆ ಕಮಿಟಿ ಅಧ್ಯಕ್ಷರೇ ಒಬ್ಬರನ್ನು ಹುಡುಕಬೇಕು. ಅವರಿಗೂ ತಮ್ಮ ಕೆಲಸ ಇರುತ್ತದೆ, ಹಾಗಾಗಿ ಬೇಡಿಕೆ ತಿಂಗಳುಗಟ್ಟಲೆ ನಿಂತರೂ ಆಶ್ಚರ್ಯ ಇಲ್ಲ. ಎಲ್ಲರೂ ಒಪ್ಪಬೇಕು ಅನ್ನುವ ಪದ್ಧತಿಯಲ್ಲಿ ಹಟ ಹಿಡಿದ ಒಬ್ಬರು ಸಾಕು, ಎಳೆಯುತ್ತಾ ಹೋಗುತ್ತದೆ. ಒಪ್ಪಿಗೆ ಆಗದಿದ್ದರೆ ಕಮಿಟಿ ಮತ ಹಾಕಬಹುದು ಅನ್ನುವುದೇನೋ ಇದೆ. ಇನ್ನೊಂದು, ಸೆಕ್ರೆಟರಿ ಕುರ್ಚಿ ಮೇಲೆ ಭಾರ ಜಾಸ್ತಿ ಬಿದ್ದಿದೆ.

ಜೀವಿಗಳ ಡೇಟಾಗೆ ಇರುವ ಇಂಥದ್ದೇ ಪದಪಟ್ಟಿ ಡಾರ್ವಿನ್ ಕೋರ್ ಒಂದು ವಿಷಯದಲ್ಲಿ ಇವರಿಗಿಂತ ಖಡಕ್. ಅಲ್ಲಿ ಹೊಸ ಪದ ಕೇಳುವಾಗಲೇ, ಅದು ಬೇಕೆನ್ನುವ ಕನಿಷ್ಠ 2 ಸಂಸ್ಥೆಗಳ ಹೆಸರು ಕೊಡಬೇಕು. ಆಮೇಲೆ ಕನಿಷ್ಠ 30 ದಿನ ಸಾರ್ವಜನಿಕ ಪರಿಶೀಲನೆ. ಕೊನೆ ದಿನಾಂಕ ಕಣ್ಣೆದುರು ಇದ್ದರೆ ಕಾಯುವವರಿಗೆ ಎಷ್ಟೋ ನೆಮ್ಮದಿ.

ಆದರೂ 5ಕ್ಕೆ 4 ಸ್ಟಾರ್ ಕೊಡುತ್ತೇನೆ. ಹೊಸ ಹೆಸರು ಕೇಳುವ ಆಲೋಚನೆ ಇದ್ದರೆ ಮೊದಲು ಇರುವ ಪಟ್ಟಿಯಲ್ಲಿ ಅದೇ ಯೂನಿಟ್ ಇರುವ ಹೆಸರುಗಳನ್ನು ಹುಡುಕಿ ನೋಡಿ. ಸಿಗದಿದ್ದರೆ ಹೆಸರು, ಯೂನಿಟ್, ವಿವರಣೆ ಮೂರನ್ನೂ ಒಟ್ಟಿಗೇ ಬರೆದು ಹಾಕಿ. ಅರ್ಧಂಬರ್ಧ ಹಾಕಿದರೆ ಬರೀ ಯೂನಿಟ್ ಯಾವುದು ಅಂತ ಕೇಳುವುದರಲ್ಲೇ ಒಂದು ಸುತ್ತು ಹೋಗುತ್ತದೆ.