‘ಕೆತ್ತನೆ’ಯ ಒತ್ತು ನುಂಗಿದ ಇನ್‌ಲೈನ್: ಒಂದೇ ಪಟ್ಟಿ, ಮೂರು ಪ್ರಯೋಗ

ಬೀದರಿನಲ್ಲಿ ನಮ್ಮ ಓಣಿಯ ಬಿದರಿ ಕುಶಲಕರ್ಮಿಯೊಬ್ಬರಿಗೆ ವೆಬ್ ಪುಟ ಮಾಡಿಕೊಡುತ್ತಿದ್ದೇನೆ. ಹೂದಾನಿಯ ವಿವರಣೆಯ ನಡುವೆ ‘ತಾರಕಶಿ ಕೆಲಸ’ ಎಂಬ ಮಾತು ಕಪ್ಪು ಹಿನ್ನೆಲೆಯ ಪುಟ್ಟ ಪಟ್ಟಿಯಾಗಿ ಕಾಣಬೇಕಿತ್ತು. ಬೆಳ್ಳಿ ತಂತಿ ಕೂರಿಸುವ ಕೆಲಸಕ್ಕೆ ಆ ಹೆಸರು.

ಮೊದಲು ಸ್ಪ್ಯಾನ್ ಬಳಸಿದೆ, ಅಂದರೆ ವಾಕ್ಯದೊಳಗಿನ ಕೆಲವು ಮಾತನ್ನಷ್ಟೇ ಸುತ್ತುವ ಎಚ್‌ಟಿಎಂಎಲ್ ಟ್ಯಾಗ್. ಅದು ಹುಟ್ಟಿನಿಂದಲೇ ಇನ್‌ಲೈನ್, ಸಾಲಿನೊಳಗೆ ಅಕ್ಷರಗಳ ಜೊತೆಗೇ ಹರಿಯುವಂಥದ್ದು. 160 ಪಿಕ್ಸೆಲ್ ಅಗಲ ಕೊಟ್ಟರೆ ಜಗ್ಗಲಿಲ್ಲ. ಮೇಲೆ ಕೆಳಗೆ ಮಾರ್ಜಿನ್ (ಅಂಚಿನ ಹೊರಗಿನ ಅಂತರ) ಕೊಟ್ಟರೂ ಅಷ್ಟೇ. 10 ಪಿಕ್ಸೆಲ್ ಪ್ಯಾಡಿಂಗ್ (ಅಂಚಿನ ಒಳಗಿನ ಅಂತರ) ಎಡಬಲಕ್ಕೆ ಸರಿಯಾಗಿ ಜಾಗ ಮಾಡಿತು. ಮೇಲೆ ಕೆಳಗೆ ಮಾತ್ರ ಬಣ್ಣ ಹರಡಿತೇ ಹೊರತು ಸಾಲುಗಳು ಸರಿಯಲಿಲ್ಲ. ಆ ಕಪ್ಪು ಮೇಲಿನ ಸಾಲಿನ ಮೇಲೇರಿ, ಅಲ್ಲಿದ್ದ ‘ಕೆತ್ತನೆ’ ಎಂಬ ಪದದ ಒತ್ತನ್ನೇ ಮುಚ್ಚಿಬಿಟ್ಟಿತು. ಮೊಬೈಲಿನಲ್ಲಿ ನೋಡಿದ ಆ ಹಿರಿಯರು, “ಏನಪ್ಪಾ, ಒತ್ತು ಎಲ್ಲಿ ಹೋಯಿತು?” ಎಂದರು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವ ನಮ್ಮ ಲಿಪಿಯಲ್ಲಿ ಇದು ಸಣ್ಣ ತೊಂದರೆಯಲ್ಲ, ಓದೇ ಕೆಡುತ್ತದೆ. ಸಾಲದ್ದಕ್ಕೆ ಕಿರಿದಾದ ಪರದೆಯಲ್ಲಿ ‘ತಾರಕಶಿ’ ಒಂದು ಸಾಲಿನ ಕೊನೆಗೆ, ‘ಕೆಲಸ’ ಮುಂದಿನ ಸಾಲಿಗೆ. ಪಟ್ಟಿ ಎರಡು ತುಂಡಾಯಿತು.

ಆಮೇಲೆ ಅದೇ ಸ್ಪ್ಯಾನನ್ನು ಸಿಎಸ್‌ಎಸ್‌ನಲ್ಲಿ ಬ್ಲಾಕ್ ಮಾಡಿದೆ, ಅಂದರೆ ತನ್ನದೇ ಸಾಲಿನಲ್ಲಿ ನಿಲ್ಲುವ ಪೆಟ್ಟಿಗೆ. ಅಗಲ, ಎತ್ತರ ಎಲ್ಲವನ್ನೂ ಒಪ್ಪಿಕೊಂಡಿತು, ಆದರೆ ವಾಕ್ಯವನ್ನು ಮುರಿದು ಹಾಕಿತು. ಪಟ್ಟಿಯ ಪಕ್ಕದಲ್ಲಿ ಬೇಕಾದಷ್ಟು ಜಾಗ ಖಾಲಿ ಇದ್ದರೂ ಮುಂದಿನ ಮಾತು ಕೆಳಗಿನ ಸಾಲಿನಿಂದಲೇ ಶುರುವಾಯಿತು. ಬ್ಲಾಕ್ ಇರುವುದು ಪ್ಯಾರಾಗಳಿಗೆ, ದರಪಟ್ಟಿಗೆ. ಅಲ್ಲೂ ಒಂದು ಲೆಕ್ಕ ನೆನಪಿಡಬೇಕು: ಮೇಲಿನ ಪ್ಯಾರಾದ ಕೆಳ ಮಾರ್ಜಿನ್ 30, ಕೆಳಗಿನದರ ಮೇಲು ಮಾರ್ಜಿನ್ 20 ಇದ್ದರೆ ನಡುವಿನ ಅಂತರ 50 ಅಲ್ಲ, 30. ದೊಡ್ಡದು ಚಿಕ್ಕದನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ.

ನನಗೆ ಒಪ್ಪಿಗೆಯಾದದ್ದು ಇನ್‌ಲೈನ್-ಬ್ಲಾಕ್. ಪಟ್ಟಿ ವಾಕ್ಯದೊಳಗೇ ಕೂತಿತು, ಪ್ಯಾಡಿಂಗ್‌ಗೆ ತಕ್ಕಂತೆ ಸಾಲಿನ ಎತ್ತರ ಬೆಳೆಯಿತು, ಒತ್ತು ಉಳಿಯಿತು. ಸಾಲಿನಲ್ಲಿ ಜಾಗ ಸಾಲದಿದ್ದರೆ ಇಡೀ ಪಟ್ಟಿಯೇ ಮುಂದಿನ ಸಾಲಿಗೆ ಹೋಗುತ್ತದೆ. ಪಟ್ಟಿ ಇರುವ ಸಾಲು ಉಳಿದವುಗಳಿಗಿಂತ ತುಸು ಎತ್ತರವಾಗಿ ಕಾಣುತ್ತದೆ ಎನ್ನುವುದು ನಿಜ. ಮೇಲೆ ಕೆಳಗಿನ ಪ್ಯಾಡಿಂಗನ್ನು 2 ಪಿಕ್ಸೆಲ್‌ಗೆ ಇಳಿಸಿದೆ, ಕಣ್ಣಿಗೆ ಹಿತವಾಯಿತು.

ಹೂದಾನಿಯ ಚಿತ್ರದ ಅಡಿಯಲ್ಲಿ ಉಳಿದಿದ್ದ ಸಣ್ಣ ಬಿಳಿ ಸಂದಿಗೂ ಇನ್‌ಲೈನೇ ಕಾರಣ. ಚಿತ್ರವೂ ಅಕ್ಷರದಂತೆ ಸಾಲಿನ ಗೆರೆಯ ಮೇಲೆ ನಿಂತು, ಇಳಿಯುವ ಅಕ್ಷರಗಳಿಗೆಂದು ಕೆಳಗೆ ಜಾಗ ಬಿಡುತ್ತದೆ. ಅದಕ್ಕೆ ಬ್ಲಾಕ್ ಎಂದು ಬರೆದ ಕೂಡಲೇ ಸಂದಿ ಮುಚ್ಚಿತು.